ಮಿದ್ದೆ ಸಂಗತಿ

ನಮ್ಮ ಮಧುಗಿರಿ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟ ದಿನ ಸಂಜೆ ನಾನೂ ನನ್ನ ಅತ್ತೆಯೂ ನಡುಗೋಡೆಯ ಪಕ್ಕ ಕೂತು ಆ ಕಡೆಯ ಸದ್ದು ಕೇಳುತ್ತಿದ್ದೆವು. ಕದ್ದು ಕೇಳಬೇಕೆಂದಲ್ಲ. ನಮ್ಮದೇ ಸೂರಿನ ಕೆಳಗೆ ನಮ್ಮವರಲ್ಲದವರು ಓಡಾಡುವುದನ್ನು ನಾವಿಬ್ಬರೂ ಅದುವರೆಗೆ ಕಂಡವರಲ್ಲ. ಆ ಕಡೆ ಒಬ್ಬ ಗಂಡಸು ಕೆಮ್ಮಿದರು. ಪೆಟ್ಟಿಗೆ ಎಳೆದರು. ಆಮೇಲೆ ಏನೂ ಕೇಳಿಸಲಿಲ್ಲ.

“ಈಗ ಏನ್ ಮಾಡ್ತಾವ್ನೆ?” ಎಂದರು ಅತ್ತೆ.

“ಕೂತಿರಬೋದು ಅತ್ತೆ.”

“ಎಲ್ಲಿ ಕೂತಿರ್ತಾನೆ? ನಿಮ್ಮ ಮಾವ ಕೂರ್ತಿದ್ರಲ್ಲ, ಆ ಕಂಬದ ತಾವಾ?”

ಎಲ್ಲಿ ಕೂತರೆ ಏನಾಯಿತು ಎಂದು ನಾನು ಕೇಳಲಿಲ್ಲ. ನನಗೂ ಅದೇ ಕುತೂಹಲವಿತ್ತು. ಮನೆ ಕೊಟ್ಟೆವು ಎಂದರೆ ಏನನ್ನು ಕೊಟ್ಟೆವು? ಗೋಡೆಯನ್ನೇ, ಗೋಡೆಗಳ ನಡುವಿನ ಜಾಗವನ್ನೇ, ಆ ಕಂಬಕ್ಕೆ ಒರಗುವ ಹಕ್ಕನ್ನೇ?

ಮಾವ ತೀರಿಕೊಂಡು ಒಂದು ವರ್ಷ ಆಗಿತ್ತು. ನನ್ನ ಗಂಡ ಶಿರಾದಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವರು. ಮನೆಯ ಹಿಂಭಾಗ ನನಗೂ ಅತ್ತೆಗೂ ಸಾಕಾಗಿತ್ತು. ಮುಂಭಾಗ ಬೀಗ ಬಿದ್ದಿತ್ತು. ಅದರ ಮೇಲೆ ಮಾವನ ತಮ್ಮ, ಅಂದರೆ ನನ್ನ ಚಿಕ್ಕಮಾವನವರ ಕಣ್ಣಿತ್ತು. ಅವರದು ಹುಣಸೆಹಣ್ಣಿನ ವ್ಯಾಪಾರ.

“ಅತ್ತಿಗೆ, ಬಾಡಿಗೆಯೋರನ್ನ ಇಟ್ಕಂಡು ಸಂಭಾಳಿಸೋದು ಹೆಂಗಸ್ರ ಕೈಲಾಗೋ ಕೆಲ್ಸ ಅಲ್ಲ ಬುಡಿ. ಮುಂದ್ಲ ಮನೆ ನಂಗೆ ಕೊಡಿ, ಹಣ್ಣು ತುಂಬ್ಕತೀನಿ. ಹುಣಸೆಹಣ್ಣು ನಿಮ್ಮ ಹತ್ರ ಜಗಳಕ್ಕೆ ಬರಾಕಿಲ್ಲ.”

“ಜಗಳ ಮಾಡಕ್ಕೆ ನಂಗೆ ಯಾರಾರ ಬೇಕು ಕಣಪ್ಪ. ನೀನೊಬ್ನೇ ಸಾಲಲ್ಲ,” ಎಂದರು ಅತ್ತೆ.

ಕೊನೆಗೆ ಮಠದ ಅಯ್ಯನವರ ಎದುರಿಗೆ ಒಂದು ಮಾತಾಯಿತು. ಈ ಯುಗಾದಿಯಿಂದ ಬರುವ ಯುಗಾದಿಯವರೆಗೆ ಒಂದೇ ಬಾಡಿಗೆಯವರನ್ನು ಅತ್ತೆ ನಿಲ್ಲಿಸಿಕೊಂಡರೆ ಮುಂಭಾಗದ ಮಾತನ್ನು ಚಿಕ್ಕಮಾವ ಇನ್ನೆಂದೂ ಎತ್ತುವಂತಿಲ್ಲ. ನಡುವೆ ಖಾಲಿಯಾದರೆ ಅದು ಹುಣಸೆಹಣ್ಣಿಗೆ. ಅತ್ತೆ ಒಪ್ಪಿದರು. ಆ ಮುಂಭಾಗದಲ್ಲೇ ಅವರು ಸೊಸೆಯಾಗಿ ಕಾಲಿಟ್ಟದ್ದು, ಅಲ್ಲೇ ನನ್ನ ಗಂಡನನ್ನು ಹೆತ್ತದ್ದು. ಅಲ್ಲಿ ಹುಣಸೆಯ ಹುಳಿವಾಸನೆ ಹತ್ತಿದರೆ ಇನ್ನು ಹೋಗುವುದಿಲ್ಲ ಎಂದು ನನ್ನೆದುರಿಗೆ ಮಾತ್ರ ಹೇಳಿದ್ದರು.

ಬಂದ ಬಾಡಿಗೆಯವರು ಪಾವಗಡದ ಕಡೆಯವರು, ನಮ್ಮವರೇ, ವಿಭೂತಿ ಧರಿಸುವವರು. ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಹೆಂಡತಿ ತವರಿನಲ್ಲಿ ತಂಗಿಯ ಬಾಣಂತನಕ್ಕೆ ನಿಂತಿದ್ದರು, ಶ್ರಾವಣಕ್ಕೆ ಬರುವರು. ಅವರೊಬ್ಬರೇ ಮುಂಭಾಗವನ್ನೆಲ್ಲ ಸುತ್ತಿ ನೋಡಿ ಬಂದು, ನಮ್ಮ ನಡುಬಾಗಿಲ ಆಚೆ ನಿಂತು, ನೆಲ ನೋಡುತ್ತ ಮಾತಾಡಿದರು. ಪರರ ಮನೆಯ ಹೆಂಗಸರೊಡನೆ ಆಗ ಹಾಗೆಯೇ ಮಾತಾಡುತ್ತಿದ್ದರು. ಬಾಯಿ ತುಂಬ ಎಲೆಅಡಿಕೆ ಬೇರೆ.

“ಅಂತಾ ಬಾಗುಂದಮ್ಮ, ಎಲ್ಲಾ ಚೆನ್ನಾಗೈತೆ. ಬಾವಿ ಐತೆ, ಗಾಳಿ ಐತೆ. ಮಿದ್ದೆ ಸಂಗತಿ ಒಂದು ಮಾತ್ರ ನೀವೇ ನೋಡ್ಕೋಬೇಕು. ಮಿಕ್ಕಿದ್ದು ನಾ ನೋಡ್ಕೊಂತೀನಿ.”

ಈ ಮಾತನ್ನು ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರಿಂದಲೇ ಆದದ್ದು. ಪಾವಗಡದ ಕಡೆಯ ತೆಲುಗಿನಲ್ಲಿ ಮಿದ್ದೆ ಎಂದರೆ ಮಣ್ಣಿನ ಮಾಳಿಗೆ, ತಲೆಯ ಮೇಲಿನ ಸೂರು. ಅವರು ಹೇಳಿದ್ದು ಮಾಳಿಗೆಯ ವಿಷಯ. ನಮಗೆ ಕೇಳಿಸಿದ್ದು ಮುದ್ದೆ. ಅದೊಂದೇ ಆಗಿದ್ದರೆ ಅತ್ತೆ ಇನ್ನೊಮ್ಮೆ ಕೇಳುತ್ತಿದ್ದರೇನೋ. ಆದರೆ ಆ ಕಡೆಯವರು ರಾಗಿಮುದ್ದೆಗೆ ಸಂಗಟಿ ಎನ್ನುತ್ತಾರೆಂದು ಅತ್ತೆ ಸಂತೆಯಲ್ಲಿ ಕೇಳಿ ತಿಳಿದಿದ್ದರು. ಮುದ್ದೆ ಎಂದೂ ಅಂದರು, ಸಂಗಟಿ ಎಂದೂ ಅಂದರು, ನಮಗೆ ತಿಳಿಯಲಿ ಎಂದು ಎರಡು ಸಲ ಹೇಳಿದರು ಎಂದು ಅತ್ತೆ ತಿಳಿದರು. ನಾನೂ ಹಾಗೆಯೇ ತಿಳಿದೆ.

“ಅದಕ್ಕೇನಪ್ಪ, ಅದೊಂದು ದೊಡ್ಡ ವಿಷ್ಯವಾ? ನಾವು ಇರೋದ್ಯಾಕೆ, ನೋಡ್ಕಂತೀವಿ,” ಎಂದರು ಅತ್ತೆ. ಒಳಗೆ ಬಂದ ಮೇಲೆ, “ಪಾಪ, ಹೆಂಡ್ರು ಬರೋಗಂಟ ಹಿಟ್ಟು ತೊಳಸಕ್ಕೆ ಬರಾಕಿಲ್ಲ ಅಂತ ಕಾಣ್ತದೆ. ಬಾಯ್ಬಿಟ್ಟು ಕೇಳ್ತು ನೋಡು, ಅದೇ ಒಳ್ಳೇದು,” ಎಂದರು.

ಅತ್ತೆಗೆ ಮಾಳಿಗೆಯ ಯೋಚನೆ ಬಾರದಿದ್ದುದಕ್ಕೂ ಕಾರಣವಿತ್ತು. ಅವರ ತವರು ತೋವಿನಕೆರೆಯ ಹತ್ತಿರ, ಹೆಂಚಿನ ಮನೆ. ನಾವಿದ್ದ ಹಿಂಭಾಗಕ್ಕೆ ಬೆಟ್ಟದ ಕಲ್ಲು ಸೀಳಿಸಿ ಹೊದಿಸಿದ ಚಪ್ಪಡಿ. ಮುಂಭಾಗ ಮಾತ್ರ ಮಣ್ಣಿನ ಮಾಳಿಗೆ: ತೊಲೆ, ಅದರ ಮೇಲೆ ಜಂತೆ, ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು. ಚೌಳು ಎಂದರೆ ಉಪ್ಪುಪ್ಪಾದ ಬಿಳಿ ಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಅದರೊಳಕ್ಕೆ ನೀರು ಇಳಿಯುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಚೌಳು ಹರಡಿ ಬಡಿದು ಗಟ್ಟಿ ಮಾಡಬೇಕು. ಮಾವ ಇದ್ದಾಗ ಬೇಸಿಗೆಯಲ್ಲಿ ಆಳುಗಳು ಮೇಲೆ ಹತ್ತುತ್ತಿದ್ದರು, ಬಡಿಯುತ್ತಿದ್ದರು. ನಾವು ಹಿಂದಿನ ಬಾಗಿಲು ಹಾಕಿಕೊಂಡು ಧೂಳು ಬರದಂತೆ ನೋಡಿಕೊಳ್ಳುತ್ತಿದ್ದೆವು. ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ನಾವು ಒಂದು ದಿನವೂ ಕೇಳಿರಲಿಲ್ಲ.

ಹೀಗೆ ದಿನವೂ ಮಧ್ಯಾಹ್ನ ಮುದ್ದೆ ಹೋಗತೊಡಗಿತು. ನಡುಬಾಗಿಲಿಗೆ ಈಗ ಅಗುಳಿ ಹಾಕಿತ್ತು, ನಾನು ಪಕ್ಕದ ಓಣಿಯಿಂದ ಸುತ್ತಿ ಹೋಗಿ ಮುಂದಿನ ಜಗಲಿಯ ಮೇಲೆ ತಟ್ಟೆ ಇಟ್ಟು ಬಾಗಿಲು ತಟ್ಟಿ ಬರುವೆ. ತಟ್ಟೆ ತೊಳೆದು ವಾಪಸು ಬರುವುದು. ಅದರಲ್ಲಿ ಒಮ್ಮೊಮ್ಮೆ ಎರಡು ಬಾಳೆಹಣ್ಣು ಇರುವುದು.

ಆ ದಿನಗಳಲ್ಲಿ ಹೊಸ ಹೊಸ ಪ್ರಶ್ನೆಗಳು ಬಂದವು. ಗೋಡೆಗೆ ಒಂದು ಗೂಟ ಹೊಡೆದುಕೊಳ್ಳಲೇ ಎಂದು ಅವರು ಕೇಳಿದರು. ಹೂಂ ಎನ್ನಬೇಕೋ ಬೇಡವೋ ಎಂದು ಅತ್ತೆ ಒಂದು ದಿನವೆಲ್ಲ ಯೋಚಿಸಿದರು. ಗೂಟ ಅವರದು, ತೂತು ನಮ್ಮದು. ಹೋಗುವಾಗ ಗೂಟ ಕಿತ್ತುಕೊಂಡು ಹೋದರೆ ತೂತನ್ನು ಯಾರು ಇಟ್ಟುಕೊಳ್ಳುವುದು? ಕೊನೆಗೆ ಹೂಂ ಎಂದರು. ಜಗಲಿ ಬಾಡಿಗೆಗೆ ಸೇರಿತೇ, ಬೀದಿಗೆ ಸೇರಿತೇ? ಕರಿಬೇವಿನ ಗಿಡ ನಮ್ಮ ಅಂಗಳದಲ್ಲಿ ಹುಟ್ಟಿ ಕೊಂಬೆಗಳನ್ನು ಅವರ ಕಡೆಗೆ ಚಾಚಿತ್ತು. ಅವರು ಒಂದು ಎಲೆಯನ್ನೂ ಕೀಳುತ್ತಿರಲಿಲ್ಲ. ಅದೇ ಅತ್ತೆಗೆ ಕಸಿವಿಸಿ.

“ಸಾರಿಗೆ ಕರಿಬೇವೇ ಹಾಕಾಕಿಲ್ವಾ ಪಾವಗಡದೋರು?”

“ಅವರು ಸಾರು ಮಾಡ್ತಾರೋ ಇಲ್ವೋ ಅತ್ತೆ, ಮುದ್ದೆನೇ ನಮ್ದು.”

“ಹೂಂ, ಅದೂ ಸರಿ ಅನ್ನು.”

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಅವರು ಬಾವಿಯ ಬಳಿ ಅತ್ತೆಯನ್ನು ಕಂಡು, ಎಂದಿನಂತೆ ನೆಲ ನೋಡುತ್ತ ಹೇಳಿದರು: “ಅಮ್ಮಾ, ಮಿದ್ದೆ ಮೆತ್ತಗಾಗೈತೆ. ಸ್ವಲ್ಪ ಗಟ್ಟಿ ಮಾಡ್ಸಿದ್ರೆ ಬಾಗುಂಟುಂದಿ.”

ಅತ್ತೆ ಕೊಡ ಅಲ್ಲೇ ಬಿಟ್ಟು ಒಳಗೆ ಬಂದರು. ಅವರ ಮುದ್ದೆಯಲ್ಲಿ ಯಾರೂ ಅದುವರೆಗೆ ಕೊಂಕು ತೆಗೆದಿರಲಿಲ್ಲ.

“ಮೆತ್ತಗಂತೆ. ನಿಮ್ಮ ಮಾವ ಇಷ್ಟು ವರ್ಷ ಉಂಡ್ರು, ಒಂದು ದಿನ ಅಂದ್ರಾ? ಹಾಕು, ಇನ್ನೊಂದು ಹಿಡಿ ಹಿಟ್ಟು ಹಾಕು. ಗಟ್ಟಿ ಬೇಕಂತೆ ಗಟ್ಟಿ.”

ಅಂದಿನಿಂದ ಹೋದ ಮುದ್ದೆ ತಟ್ಟೆಯ ಮೇಲೆ ಇಟ್ಟರೆ ಸದ್ದಾಗುತ್ತಿತ್ತು. ಅವರು ಅದನ್ನು ಹೇಗೆ ನುಂಗಿದರೋ ತಿಳಿಯದು. ಒಂದು ವಾರ ಕಳೆದು ಮತ್ತೆ ಕೇಳಿದರು: “ಗಟ್ಟಿ ಮಾಡ್ಸೋದು ಯಾವಾಗಮ್ಮ?”

“ಆವತ್ತಿಂದಾನೇ ಗಟ್ಟಿ ಮಾಡಿದ್ದೀವಲ್ಲಪ್ಪ. ಇನ್ನೂ ಗಟ್ಟಿ ಬೇಕಾ?”

ಅವರು “ಅಯ್ಯೋ, ಚಾಲಮ್ಮ, ಸಾಕು,” ಎಂದು ಹೊರಟುಹೋದರು. ತಾವು ಅಂಗಡಿಗೆ ಹೋಗಿದ್ದಾಗ ಆಳುಗಳು ಬಂದು ಮಾಳಿಗೆ ಬಡಿದು ಹೋಗಿರಬೇಕು ಎಂದುಕೊಂಡರಂತೆ. ಏಣಿ ಹಾಕಿ ಹತ್ತಿ ನೋಡುವುದು ಮನೆಯವರ ಮಾತನ್ನು ನಂಬದ ಹಾಗಾಗುತ್ತದೆ ಎಂದು ಹತ್ತಲಿಲ್ಲವಂತೆ.

ಶ್ರಾವಣದಲ್ಲಿ ಹೆಂಡತಿ ಬಂದರು. ನನಗಿಂತ ಚಿಕ್ಕವರು, ಚುರುಕು ಮಾತು. ಒರಳಿನ ಸದ್ದು, ಬಳೆಯ ಸದ್ದು, ಗೋಡೆಯ ಆಚೆ ಒಂದು ಸಂಸಾರವೇ ಶುರುವಾಯಿತು. ಮುದ್ದೆ ನಿಲ್ಲಿಸೋಣವೇ ಎಂದು ನಾನು ಕೇಳಿದೆ.

“ಎಷ್ಟು ದಿನ ಅಂತ ಅವನು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಾವು ನಿಲ್ಲಿಸಿ, ಅವರಿಗೆ ಬೇಜಾರಾಗಿ, ಗಂಟು ಕಟ್ಕಂಡು ಹೋದ್ರೆ? ನಿನ್ನ ಚಿಕ್ಕಮಾವ ಗಾಡಿ ಕಟ್ಕಂಡು ಬಾಗಿಲಲ್ಲೇ ಕಾಯ್ತಾವ್ನೆ. ಯುಗಾದಿಗಂಟ ಕಳುಸು. ಈಗ ಎರಡು ಕಳುಸು.”

ಚಿಕ್ಕಮಾವ ನಿಜವಾಗಿಯೂ ವಾರವಾರ ಬಂದು ಮುಂಬಾಗಿಲ ಕಡೆ ನೋಡಿ, “ಇನ್ನೂ ಅವರೇನಾ?” ಎಂದು ಕೇಳಿ ಹೋಗುತ್ತಿದ್ದರು.

ಒಂದು ಸಂಜೆ ಗೋಡೆಯ ಆಚೆ ಮಾತು ಜೋರಾಯಿತು. ಹೆಂಡತಿಯ ದನಿ: “ಈ ಊರ್ಲೋ ಮನೆ ಕೊಟ್ಟೋರು ಸಂಗಟಿನೂ ಕೊಡ್ತಾರಾ? ಮರಿ ನಾ ಏಂ ಚೇಯಾಲ? ಗೋಡೆ ನೋಡ್ತಾ ಕೂರ್ಲಾ?”

ಗಂಡನ ದನಿ: “ಊರುಕೋ, ಸುಮ್ಕಿರು. ಈ ಊರ ಪದ್ಧತಿ ಇರಬೇಕು. ಬೇಡ ಅಂದ್ರೆ ಆ ಪೆದ್ದಮ್ಮ ನೊಂದ್ಕೊಂತಾಳೆ.”

“ಏನಂತೆ?” ಎಂದು ಅತ್ತೆ ಮೆಲ್ಲಗೆ ಕೇಳಿದರು. ತೆಲುಗು ನನಗೂ ಅಷ್ಟಕ್ಕಷ್ಟೆ; ಪೆದ್ದಮ್ಮ ಎಂದರೆ ದೊಡ್ಡಮ್ಮ ಎಂಬುದೂ ಆಮೇಲೆ ತಿಳಿದದ್ದು.

“ಈ ಊರ ಪದ್ಧತಿ ಅಂತಾವ್ರೆ ಅತ್ತೆ.”

“ನಮ್ಮ ಪದ್ಧತಿ ಮೆಚ್ಕಂಡವ್ರೆ ಬುಡು,” ಎಂದು ಅತ್ತೆ ಎದ್ದು ದೀಪ ಹಚ್ಚಿದರು.

ಹಸ್ತದ ಮಳೆ ಆ ವರ್ಷ ಬಿಡದೆ ಹಿಡಿಯಿತು. ಜೋರು ಮಳೆಯಲ್ಲ, ಸೋನೆ. ಬೆಟ್ಟ ಕಾಣುತ್ತಿರಲಿಲ್ಲ. ಆ ಮಧ್ಯಾಹ್ನ ಎರಡು ಮುದ್ದೆಯ ಮೇಲೆ ಎಲೆ ಮುಚ್ಚಿಕೊಂಡು ನಾನು ಓಣಿ ಸುತ್ತಿ ಹೋದೆ. ನಾನು ಬಾಗಿಲು ತಟ್ಟುವ ಮೊದಲೇ ಆಕೆ ಒಳಗಿನ ಅಡಿಗೆ ಕೋಣೆಯಿಂದ ಎದ್ದು ಜಗಲಿಗೆ ಬಂದರು. ಸಿದ್ಧವಾಗಿ ಕಾದಿದ್ದ ಹಾಗಿತ್ತು.

“ಅಕ್ಕಾ, ಒಕ್ಕ ಮಾತು. ನಾಳೆಯಿಂದ ಇದು ತರಬೇಡಿ. ನಂಗೂ ಎರಡು ಕೈ ಐತೆ. ಮಾ ಅಮ್ಮ ಸಂಗಟಿ ಕಲಿಸೇ ಕಳ್ಸೈತೆ ನನ್ನ.”

“ಅತ್ತೆ ಮಾತು ಕೊಟ್ಟವ್ರೆ ಕಣಮ್ಮ…”

“ಯಾರಿಗೆ ಕೊಟ್ರು? ನನ್ನ ಕೇಳಿದ್ರಾ?”

ಆಕೆ ಇನ್ನೂ ಏನೋ ಹೇಳುತ್ತಿದ್ದರು. ನಾನು ಆಕೆಯ ಭುಜದ ಮೇಲಿಂದ ಒಳಗೆ ನೋಡುತ್ತಿದ್ದೆ. ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಅಡಿಗೆ ಕೋಣೆಯಲ್ಲಿ ಎರಡು ಜಂತೆಗಳ ನಡುವಿನಿಂದ ಮಣ್ಣು ಸಣ್ಣ ಎಳೆಯಾಗಿ ಇಳಿಯುತ್ತಿತ್ತು, ಹಿಟ್ಟು ಜರಡಿ ಹಿಡಿದಾಗ ಇಳಿಯುವ ಹಾಗೆ. ಆಮೇಲೆ ಅದು ನಿಂತಿತು. ನಿಂತದ್ದನ್ನು ನಾನು ಗಮನಿಸಿದೆ, ಒಳ್ಳೆಯದಾಯಿತು ಎಂದೂ ಅಂದುಕೊಂಡೆ. ಆಮೇಲೆ ತೊಲೆಯ ಒಂದು ತುದಿ ಗೋಡೆಯಿಂದ ಮೆಲ್ಲಗೆ ಈಚೆಗೆ ಬಂತು. ಅಷ್ಟು ದೊಡ್ಡ ಮರ ಅಷ್ಟು ಮೆಲ್ಲಗೆ ಬರಬಹುದೆಂದು ನನಗೆ ತಿಳಿದಿರಲಿಲ್ಲ. ಆಗ ಸದ್ದು ಕೇಳಿದ ನೆನಪಿಲ್ಲ. ಆಕೆ ನನ್ನ ಕೈ ಹಿಡಿದದ್ದು, ಬಳೆ ನನ್ನ ಮಣಿಕಟ್ಟಿಗೆ ಒತ್ತಿದ್ದು ನೆನಪಿದೆ. ಧೂಳು ಏಳಲಿಲ್ಲ, ಎಲ್ಲ ಒದ್ದೆ. ಹಳೆಯ ಮಣ್ಣಿನ, ಕೊಳೆತ ಸೊಪ್ಪಿನ ವಾಸನೆ ಬಂತು. ಎಂದೂ ಬೆಳಕು ಬಿದ್ದಿರದ ಆ ಕೋಣೆ ಬೆಳ್ಳಗಾಗಿತ್ತು. ಒಲೆ ಇದ್ದ ಕಡೆ, ಒಲೆಯ ಮುಂದಿನ ಮಣೆ ಇದ್ದ ಕಡೆ, ಎದೆಯುದ್ದ ಮಣ್ಣಿನ ಗುಡ್ಡೆ. ಅದರ ಮೇಲೆ ಮಳೆ ಬೀಳುತ್ತಿತ್ತು.

ಬಹಳ ದಿನ ನಾನು ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಮೊದಲು ಮೇಲೆ ನೋಡುತ್ತಿದ್ದೆ. ಈಗಲೂ ಮಣ್ಣು ಉದುರುವ ಸಣ್ಣ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತೇನೆ.

ಅತ್ತೆ ಓಡಿಬಂದರು. ಯಾರೋ ಹೇಳಿ ಕಳಿಸಿ ಆಕೆಯ ಗಂಡನೂ ಜವಳಿ ಅಂಗಡಿಯಿಂದ ಬಂದರು. ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಆಮೇಲೆ ಅತ್ತೆಯ ಕಡೆ ತಿರುಗಿ, ಮೊದಲ ಸಲ ನೆಲ ನೋಡದೆ ಮಾತಾಡಿದರು.

“ಮೊದಲೇ ಹೇಳಿದ್ನಲ್ಲಮ್ಮ, ಮಿದ್ದೆ ಸಂಗತಿ ನೀವೇ ನೋಡ್ಕೋಬೇಕು ಅಂತ.”

“ನೋಡ್ಕಂಡಿದ್ದೀನಲ್ಲಪ್ಪ. ಒಂದು ದಿನ ತಪ್ಸಿದ್ದೀನಾ?”

“ಮೆತ್ತಗಾಗೈತೆ ಅಂತಾನೂ ಹೇಳ್ದೆ.”

“ಗಟ್ಟಿ ಮಾಡ್ದೆ. ಕಲ್ಲಿನಂಗೆ ಮಾಡಿ ಕಳಿಸ್ದೆ. ನಿನ್ನ ಹಲ್ಲೇ ಸಾಕ್ಷಿ.”

“ಹಲ್ಲಾ?” ಎಂದರು ಅವರು.

ಆಗ ಹೆಂಡತಿ ನನ್ನ ಕೈಲಿದ್ದ ತಟ್ಟೆ ನೋಡಿದರು, ಗಂಡನನ್ನು ನೋಡಿದರು. “ಮುದ್ದೆ,” ಎಂದರು ಮೆಲ್ಲಗೆ. “ದೇವುಡಾ, ಇವರು ಮಿದ್ದೆಗೆ ಮುದ್ದೆ ಕಳ್ಸಿದ್ದಾರೆ.”

“ಮಿದ್ದೆ ಅಂದ್ರೆ ಏನಮ್ಮ?” ಎಂದು ಅತ್ತೆ ಕೇಳಿದರು.

ಆಕೆ ಕೈ ಎತ್ತಿ ಮೇಲೆ ತೋರಿಸಿದರು. ಮೇಲೆ ಆಕಾಶವಿತ್ತು. ಅತ್ತೆ ಅದನ್ನೇ ನೋಡುತ್ತ ಜಗಲಿಯ ಮೇಲೆ ಕೂತುಬಿಟ್ಟರು. ಆಕೆಗೆ ಮೊದಲು ನಗು ಬಂತು, ನಗುತ್ತಲೇ ಅಳು ಬಂತು. ಅತ್ತೆ ಎದ್ದು ಆಕೆಯ ತಲೆ ತಮ್ಮ ಎದೆಗೆ ಒತ್ತಿಕೊಂಡರು. ಆ ಹೊತ್ತಿನಲ್ಲಿ ಯಾರೂ ಯಾರನ್ನೂ ಬಯ್ಯಲಿಲ್ಲ.

ಮುಂಭಾಗದ ಉಳಿದ ಕೋಣೆಗಳನ್ನೂ ನಂಬುವ ಹಾಗಿರಲಿಲ್ಲ. ಅವರಿಬ್ಬರೂ ಪೆಟ್ಟಿಗೆ, ಹಾಸಿಗೆ ತಂದು ನಮ್ಮ ಚಪ್ಪಡಿಯ ಕೆಳಗೆ ಬಂದರು. ಹೋಗುತ್ತೇವೆ ಎಂದು ಅವರು ಹೇಳಲಿಲ್ಲ, ಇರುತ್ತೇವೆ ಎಂದೂ ಹೇಳಲಿಲ್ಲ. ಅತ್ತೆ ಕೇಳಲು ಹೆದರಿದರು. ಮಾರನೆಯ ದಿನವೇ ಚಿಕ್ಕಮಾವ ಬಂದು, ಮಣ್ಣಿನ ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿದರು.

“ಖಾಲಿ ಆದಂಗಾಯ್ತಲ್ಲ ಅತ್ತಿಗೆ.”

ಅತ್ತೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬಾಡಿಗೆಯವರ ಹೆಂಡತಿ ಹೇಳಿದರು: “ನಾವು ಎಲ್ಲಿಗೂ ಹೋಗಿಲ್ಲಯ್ಯಾ. ಮಿದ್ದೆನೇ ಕೆಳಗೆ ಬಂದೈತೆ.”

“ಇರೋದು ಅತ್ತಿಗೆ ಮನೇಲಿ, ಮುಂದ್ಲ ಮನೇಲಲ್ವಲ್ಲ.”

“ಮಳೆ ಬಂದ್ರೆ ನೀವು ಪಕ್ಕದ ಜಗಲಿಗೆ ಓಡಲ್ವಾ? ಅವಾಗ ನಿಮ್ಮ ಮನೆ ಬಿಟ್ಟಂಗಾ?”

ಚಿಕ್ಕಮಾವ ನನ್ನ ಕಡೆ ನೋಡಿದರು. ಇಷ್ಟು ಮಾತಾಡುವ ಬಾಡಿಗೆಯವರನ್ನು ಎಲ್ಲಿಂದ ಹುಡುಕಿದಿರಿ ಎಂಬಂತಿತ್ತು ಆ ನೋಟ. ಅಯ್ಯನವರನ್ನು ಕೇಳೋಣ ಎಂದರು. ಅಯ್ಯನವರು ಕೇಳಿದ್ದು ಒಂದೇ: ಅವರ ಗೂಟ ಗೋಡೆಯಲ್ಲಿ ಇದೆಯೋ ಕಿತ್ತಿದ್ದಾರೋ? ಗೂಟ ಇತ್ತು, ಅದಕ್ಕೆ ಒಂದು ಒದ್ದೆ ಅಂಗಿಯೂ ನೇತಾಡುತ್ತಿತ್ತು. ಹಾಗಾದರೆ ಖಾಲಿಯಾಗಿಲ್ಲ ಎಂದರು.

ಮಳೆ ನಿಂತ ಮೇಲೆ ತೊಂದರೆ ಬೇರೆ ರೀತಿಯದು. ಹೊಸ ತೊಲೆ ಬೇಕು, ಚೌಳು ಬೇಕು. ಚೌಳಿನ ನೆಲ ಇದ್ದದ್ದು ಶಿರಾ ರಸ್ತೆಯ ಕಡೆ. ಗಾಡಿ ಇದ್ದದ್ದು ಚಿಕ್ಕಮಾವನವರ ಬಳಿ. ಯುಗಾದಿಗೆ ಇನ್ನೂ ಸುಮಾರು ದಿನವಿತ್ತು. ಮಾಳಿಗೆ ಏಳದಿದ್ದರೆ ಅಷ್ಟು ಕಾಲ ನಮ್ಮ ಒಂದೇ ಅಡಿಗೆಮನೆಯಲ್ಲಿ ಎರಡು ಸಂಸಾರ ನಿಲ್ಲುವುದಿಲ್ಲ ಎಂದು ಅತ್ತೆಗೂ ಗೊತ್ತಿತ್ತು, ಚಿಕ್ಕಮಾವನವರಿಗೂ ಗೊತ್ತಿತ್ತು.

“ನಾನ್ಯಾಕೆ ಗಾಡಿ ಕೊಡ್ಲಿ?” ಎಂದರು ಅವರು, ನ್ಯಾಯವಾಗಿಯೇ.

“ಅಯ್ಯಾ,” ಎಂದರು ಆ ಹೆಂಡತಿ, “ಯುಗಾದಿಗೆ ಮುಂಚೆ ನಾವು ಹೋದ್ರೆ ನಿಮ್ಮ ಚಿಂತಪಂಡು ಇಲ್ಲೇ ಅಲ್ವಾ ಇಡೋದು? ಮಿದ್ದೆ ಇಲ್ದೆ ಹೆಂಗೆ ಇಡ್ತೀರಿ? ನೆನೆದ ಚಿಂತಪಂಡು ಯಾರು ಕೊಂತಾರೆ?”

“ತಡಿ, ತಡಿ. ಚಿಂತಪಂಡು ಅಂದ್ರೆ ಏನು, ಮೊದ್ಲು ಅದು ಹೇಳು,” ಎಂದರು ಅತ್ತೆ. ಈಗ ಅವರು ಒಂದು ಮಾತನ್ನೂ ಹಾಗೇ ಬಿಡುತ್ತಿರಲಿಲ್ಲ.

“ಹುಣಸೆಹಣ್ಣು ಪೆದ್ದಮ್ಮ.”

ಚಿಕ್ಕಮಾವ ಬಹಳ ಹೊತ್ತು ಮೀಸೆ ತಿರುವಿದರು. ಅವರು ಗೆಲ್ಲುವೆನೆಂದೇ ನಂಬಿದ್ದರು. ಅದಕ್ಕೇ ಗಾಡಿ ಕೊಟ್ಟರು, ಆಳುಗಳ ಮೇಲೆ ತಾವೇ ನಿಂತರು. ತಮ್ಮ ಹಣ್ಣಿಗೆಂದು ತೊಲೆಯನ್ನು ದಪ್ಪವಾದದ್ದೇ ಆರಿಸಿದರು. ಆಕೆ ಸೆರಗು ಬಿಗಿದು ಏಣಿ ಹತ್ತಿ, ಚೌಳನ್ನು ಎಲ್ಲಿ ದಪ್ಪ ಹಾಕಬೇಕು, ನೀರು ಯಾವ ಕಡೆಗೆ ಹರಿಯಬೇಕು ಎಂದು ತೋರಿಸಿದರು. ನಾನೂ ಹತ್ತಿದೆ. ಅಷ್ಟು ವರ್ಷ ತಲೆಯ ಮೇಲಿದ್ದದ್ದನ್ನು ಒಮ್ಮೆ ಮೇಲಿನಿಂದ ನೋಡಬೇಕೆನ್ನಿಸಿತ್ತು. ಅಲ್ಲಿಂದ ನಮ್ಮ ಅಂಗಳ ತೀರ ಚಿಕ್ಕದಾಗಿ ಕಂಡಿತು.

ಯುಗಾದಿ ಬಂದರೂ ಬಾಡಿಗೆಯವರು ಮನೆ ಬಿಟ್ಟು ಹೋಗಲಿಲ್ಲ. ಹಬ್ಬದ ದಿನ ಬೇವುಬೆಲ್ಲ ತಿನ್ನಲು ಬಂದ ಚಿಕ್ಕಮಾವ ಸೋತೆ ಎಂದೇನೂ ಹೇಳಲಿಲ್ಲ. ಉಂಡು, ಕೈ ತೊಳೆದು, ನಮ್ಮ ನಡುಮನೆಯಲ್ಲಿ ಕೂತರು. ಪೇಟೆಯಲ್ಲಿ ಹಣ್ಣು ತುಂಬಲು ಒಂದು ಮನೆ ಬಾಡಿಗೆಗೆ ನೋಡಿದ್ದಾರಂತೆ.

“ಅತ್ತಿಗೆ, ಮನೆ ಹಿಡಿಯೋವಾಗ ಅವರ ಹತ್ರ ಮೊದ್ಲು ಏನು ಕೇಳ್ಬೇಕು?”

“ಕೇಳಾಕೆ ಮುಂಚೆ ಕತ್ತೆತ್ತಿ ನೋಡಪ್ಪ,” ಎಂದರು ಅತ್ತೆ.

ಚಿಕ್ಕಮಾವ ಕೂತಲ್ಲೇ ಕತ್ತೆತ್ತಿದರು. ಅಲ್ಲಿದ್ದದ್ದು ನಮ್ಮ ಕಲ್ಲು ಚಪ್ಪಡಿ. ನೋಡಲು ಏನೂ ಇರಲಿಲ್ಲ.